ಕತ್ತೆ ಆನೆಯಾದ ಬೆಂಚು

ನನ್ನ ಕ್ಲಾಸಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದೂ ಆಸ್ಪತ್ರೆಯ ಬಟ್ಟೆ ಒಣಗಿಸುವ ಅಂಗಳದ ಕಡೆಗೆ. ಹಗ್ಗದ ಮೇಲಿನ ಬಿಳಿ ಹೊದಿಕೆಗಳು ಗಾಳಿಗೆ ಉಬ್ಬಿದಾಗ ಹಡಗುಗಳ ಪಡೆಯೇ ಹೊರಟಂತೆ ಕಾಣುತ್ತಿತ್ತು. ಪಾಠಕ್ಕೆ ಮೊದಲು ನಾನು ಅದನ್ನೇ ನೋಡುತ್ತ ಕೂತಿದ್ದರೆ, ನನ್ನ ಗೈಡ್ ಮೇಡಂ ಬಾಗಿಲಲ್ಲಿ ನಿಂತು ಕೇಳುವರು: "ಎಲ್ಲಿವರೆಗೆ ಬಂತಮ್ಮ ಹಡಗು? ದಡ ಕಾಣ್ತಾ ಇದೆಯಾ?"

ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಹಾಗಂದರೆ ಏನೆಂದು ಮನೆಯಲ್ಲಿ ಅಜ್ಜಿಗೆ ವಿವರಿಸಲು ನನಗೆ ಬಹಳ ಕಾಲ ಹಿಡಿಯಿತು. ಡಾಕ್ಟರು ಬರೆದ ಔಷಧಿ ರೋಗಿಯ ಮೈಯೊಳಗೆ ಹೋಗಿ ಹೇಳಿದ ಕೆಲಸ ಮಾಡುತ್ತಿದೆಯೇ, ಮಾಡದಿದ್ದರೆ ಯಾಕೆ ಮುನಿಸಿಕೊಂಡು ಕೂತಿದೆ ಎಂದು ಅದರ ಬೆನ್ನು ಹತ್ತುವ ಕೆಲಸ ಅಂದೆ. "ಅಂದ್ರೆ ಪತ್ತೇದಾರಿ," ಅಂದಳು ಅಜ್ಜಿ. ಅಂದಿನಿಂದ ನೆರೆಮನೆಯವರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಾಳೆ.

ನನ್ನ ಪದವಿಯ ಪ್ರಬಂಧಕ್ಕೆ ನಾನು ಪತ್ತೆ ಹಚ್ಚಬೇಕಿದ್ದದ್ದು ಇಷ್ಟು: ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಗಳಿಗೆ ಬರೀ ಕಾಗದ ಓದಲು ಕೊಟ್ಟರೆ ಸಾಕೇ, ಅಥವಾ ಕೂರಿಸಿ ಪಾಠ ಹೇಳಿದರೆ ಸಕ್ಕರೆ ಹೆಚ್ಚು ಹತೋಟಿಗೆ ಬರುತ್ತದೆಯೇ? ಮಂಗಳವಾರದ ಕ್ಲಿನಿಕ್ಕಿಗೆ ಬರುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದೆ. ಹಳದಿ ಕಾರ್ಡಿನವರಿಗೆ ನನ್ನ ಪಾಠ. ನೀಲಿ ಕಾರ್ಡಿನವರಿಗೆ ಎಂದಿನಂತೆ ಡಾಕ್ಟರ ಎರಡು ಮಾತು, ಒಂದು ಮುದ್ರಿತ ಕಾಗದ. ಆರು ತಿಂಗಳ ಮೇಲೆ ಎರಡೂ ಗುಂಪಿನ ರಕ್ತ ಪರೀಕ್ಷೆ ಮಾಡಿ ಹೋಲಿಸುವುದು.

ನನ್ನ ಪ್ರಬಂಧಕ್ಕಿಂತ ದೊಡ್ಡದೊಂದು ಇದಕ್ಕೆ ತಗುಲಿಕೊಂಡಿತ್ತು. ಸೂಪರಿಂಟೆಂಡೆಂಟ್ ಸಾಹೇಬರಿಗೆ ನನ್ನ ಕೋಣೆಯ ಮೇಲೆ ಕಣ್ಣು. ಸಲೈನ್ ಪೆಟ್ಟಿಗೆ ಇಡಲು ಅವರಿಗೆ ಜಾಗವಿರಲಿಲ್ಲ. "ಪಾಠದಿಂದ ಸಕ್ಕರೆ ಇಳಿದದ್ದು ತೋರಿಸಿ, ಕ್ಲಾಸು ಕಾಯಂ ಮಾಡ್ತೀನಿ. ಇಳೀಲಿಲ್ವೋ, ಕ್ಲಾಸೂ ಇಲ್ಲ, ಕೋಣೇನೂ ಇಲ್ಲ," ಎಂದಿದ್ದರು. ಅವರು ಟೇಪು ತಂದು ಗೋಡೆ ಅಳೆದು ಹೋದದ್ದೂ ಆಗಿತ್ತು.

ನನ್ನ ಪಾಠದಲ್ಲಿ ಅಜ್ಜಿಯ ಕಥೆಯೊಂದು ಸೇರಿಕೊಂಡಿತ್ತು. ರಾಣಿಯೊಬ್ಬಳಿಗೆ ನಾಲ್ಕು ಪಾತಿಯ ತೋಟ. ನೀರು ಹೊರಲು ಒಂದು ಮುದಿ ಕತ್ತೆ. ಕತ್ತೆಗೆ ಮಂಡಿನೋವು, ಬಾಗಿಲ ಪಕ್ಕದ ಪಾತಿ ದಾಟಿ ಹೆಜ್ಜೆ ಇಡದು. ದಿನಾ ಅಲ್ಲೇ ನೀರು. ಅಲ್ಲಿಯ ಮಣ್ಣು ಉಬ್ಬಿ ದಿಬ್ಬವಾಯಿತು. ಬಂದ ನೀರನ್ನೆಲ್ಲ ದಿಬ್ಬವೇ ಹಿಡಿದಿಟ್ಟುಕೊಂಡಿತು, ಬೇರಿಗೆ ಸರಿಯಾಗಿ ಇಳಿಯಲಿಲ್ಲ. ಗಿಡ ಬಾಡಿತೆಂದು ರಾಣಿ ಒಂದು ಕೊಡ ಹೆಚ್ಚಿಸಿದಳು, ಮತ್ತೊಂದು ಹೆಚ್ಚಿಸಿದಳು. ಕೊನೆಗೊಂದು ದಿನ ಕತ್ತೆಗೆ ಏನು ಬುದ್ಧಿ ಬಂತೋ, ಪಕ್ಕದ ಪಾತಿಗೆ ನಡೆಯಿತು. ಅಷ್ಟೂ ನೀರು ಮೆತ್ತಗಿನ ಮಣ್ಣಿಗೆ ಒಮ್ಮೆಲೇ ಇಳಿದು ಎಳೆ ಗಿಡಗಳೆಲ್ಲ ಮುಳುಗಿದವು.

ಹೊಟ್ಟೆಯ ಎಡ ಬಲ, ತೊಡೆಯ ಎಡ ಬಲ, ಇವೇ ನಾಲ್ಕು ಪಾತಿ ಎನ್ನುತ್ತಿದ್ದೆ. ದಿನಾ ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ನೋವು ಗೊತ್ತಾಗುವುದಿಲ್ಲ, ಔಷಧಿ ಮಾತ್ರ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಡೋಸ್ ಕಡಿಮೆ ಮಾಡದಿದ್ದರೆ ಸಕ್ಕರೆ ತೀರಾ ಕುಸಿದೀತು. ಪಾಠ ಮುಗಿದ ಮೇಲೆ ಅವರೇ ಅದನ್ನು ನನಗೆ ತಿರುಗಿ ಹೇಳಿಕೊಡಬೇಕು. "ಇನ್ನೊಬ್ಬರಿಗೆ ಹೇಳ್ಕೊಡೋಕೆ ಬಂದ್ರೆ ಮಾತ್ರ ಕಲಿತ ಹಾಗೆ," ಎಂದು ಪ್ರತಿ ಸಲ ಹೇಳುತ್ತಿದ್ದೆ, ದೊಡ್ಡ ಟೀಚರ್ ತರಹ ಬೆರಳೆತ್ತಿ.

ಹಳದಿ ಗುಂಪಿನ ಮೊದಲ ಬೆಂಚಿನ ವಿದ್ಯಾರ್ಥಿನಿ ವಿಷಲಮ್ಮ. ವಯಸ್ಸಾಗುವವರೆಗೂ ಬಸ್ ಕಂಡಕ್ಟರ್ ಆಗಿದ್ದ ಹೆಂಗಸು. ಕೆಲಸ ಬಿಟ್ಟರೂ ವಿಷಲ್ ಬಿಟ್ಟಿರಲಿಲ್ಲ, ಕೊರಳಲ್ಲೇ ತೂಗುತ್ತಿತ್ತು. ಆಕೆ ನನಗೆ ಪಾಠ ಒಪ್ಪಿಸಿದ ದಿನ ಕಾರಿಡಾರಿನ ಕೊನೆಯಲ್ಲಿದ್ದ ನರ್ಸ್ ಕೂಡ ಕಲಿತಿರಬೇಕು, ಗಂಟಲು ಹಾಗಿತ್ತು.

ನೀಲಿ ಗುಂಪಿನಲ್ಲಿ ಒಬ್ಬ ಟೈಲರ್ ಇದ್ದ. ಮೊದಲ ತಪಾಸಣೆಯ ದಿನ, "ಸೂಜಿ ವಿಷಯ ನನಗೆ ಹೇಳ್ಕೊಡ್ತೀರಾ ತಂಗಿ? ನಾನು ಹುಟ್ಟುವಾಗ್ಲೇ ಬಾಯಲ್ಲಿ ದಾರ ಕಚ್ಕೊಂಡಿದ್ದೆ," ಅಂದ.

"ಎಲ್ಲಿ ಚುಚ್ಕೋತೀರಿ ಅಣ್ಣ?"

ಅಂಗಿ ಎತ್ತಿದ. ಹೊಕ್ಕುಳ ಬಲಕ್ಕೆ, ನಿಂಬೆಹಣ್ಣಿನಷ್ಟು ಗಂಟು. "ಇಲ್ಲಿ ನೋವೇ ಆಗಲ್ಲ. ಗುಂಡಿಗೆ ಕಾಜಾ ಹೊಲಿಯೋ ಜಾಗದ ಹಾಗೆ, ಕಣ್ಣು ಮುಚ್ಚಿದ್ರೂ ಕೈ ಅಲ್ಲಿಗೇ ಹೋಗತ್ತೆ."

ಡಾಕ್ಟರು ಜಾಗ ಬದಲಾಯಿಸಿ ಅಂದರು, ಅವನು ಆಗಲಿ ಅಂದ, ಇಬ್ಬರೂ ಅದನ್ನು ಅಲ್ಲೇ ಮರೆತರು. ಕಾಗದವನ್ನು ಬೆಳಕಿಗೆ ಹಿಡಿದು, "ಕಾಲರ್ ಪ್ಯಾಟರ್ನ್ ಕತ್ತರಿಸೋಕೆ ಒಳ್ಳೇ ಕಾಗದ," ಎಂದು ಮೆಚ್ಚಿ ಮಡಿಸಿ ಇಟ್ಟುಕೊಂಡ. ಹೋಗುವಾಗ ನನ್ನ ಕೋಣೆಯ ಬಾಗಿಲಲ್ಲಿ ನಿಂತ. "ಒಳಗೆ ಎಲ್ರೂ ನಗ್ತಿರ್ತಾರಲ್ಲ, ಏನದು ಕಥೆ?"

"ಅಧ್ಯಯನ ಮುಗೀಲಿ ಅಣ್ಣ, ನಿಮಗೂ ಹೇಳ್ತೀನಿ."

"ಅಲ್ಲೀವರೆಗೆ?"

"ಕಾಗದ ಓದಿ."

ಆ ಕಥೆ ಬೇಕಾಗಿದ್ದದ್ದೇ ಅವನ ಗಂಟಿಗೆ. ಆದರೆ ನಿಯಮ ನಿಯಮವೇ.

ಆರು ತಿಂಗಳು ಕಳೆದು ರಕ್ತ ಪರೀಕ್ಷೆಯ ಫಲ ಬಂತು. ಹಳದಿಯವರ ಸಕ್ಕರೆ ಚೆನ್ನಾಗಿ ಇಳಿದಿತ್ತು. ನಾನು ಕುರ್ಚಿಯಲ್ಲೇ ಕುಣಿದೆ. ಆಮೇಲೆ ನೀಲಿಯವರದ್ದು ತೆರೆದು ನೋಡಿದೆ. ಅವರದ್ದೂ ಅಷ್ಟೇ ಚೆನ್ನಾಗಿ ಇಳಿದಿತ್ತು.

ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸವೇ ಇಲ್ವಲ್ಲಮ್ಮ. ಅಂದ್ರೆ ಲೆಕ್ಕದ ಪ್ರಕಾರ ನಿನ್ನ ಪಾಠದಿಂದ ಏನೂ ಆಗಿಲ್ಲ."

"ಏನೂ ಅಂದ್ರೆ ಏನೂ?"

"ಗುರುವಾರ ಸೂಪರಿಂಟೆಂಡೆಂಟ್ ಮುಂದೆ ಕೂರಬೇಕು. ಇದ್ದದ್ದು ಇದ್ದ ಹಾಗೆ ಹೇಳೋಣ."

ಕಿಟಕಿಯಾಚೆ ಗಾಳಿ ಬಿದ್ದುಹೋಗಿತ್ತು. ನನ್ನ ಹಡಗುಗಳು ಒದ್ದೆ ಬಟ್ಟೆಗಳಾಗಿ ಜೋತಿದ್ದವು.

ಸಂಜೆ ಮನೆಗೆ ಹೋಗಿ ಅಜ್ಜಿಯ ಮಂಚದ ಮೇಲೆ ಬೋರಲು ಬಿದ್ದೆ. ಅಜ್ಜಿ ತಲೆಗೂದಲಲ್ಲಿ ಕೈಯಾಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಅಲ್ವೇ ಪುಟ್ಟಿ, ಎಲ್ರೂ ಹುಷಾರಾದ್ರು ಅಂತೀಯ. ಮತ್ತೆ ಅಳು ಯಾಕೆ?"

"ನನ್ನ ಪಾಠ ಇಲ್ದೇನೇ ಹುಷಾರಾದ್ರು ಅಜ್ಜಿ!"

"ತಾವಾಗೇ?"

"ಹ್ಞೂಂ."

"ಅಷ್ಟು ವರ್ಷ ಆಗದ್ದು ಈಗ ತಾನಾಗೇ ಆಯ್ತಾ? ಪತ್ತೇದಾರಿ ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲೇ, ನನ್ನ ಮರ್ಯಾದೆ ಏನಾಗ್ಬೇಕು? ಎದ್ದು ಮುಖ ತೊಳ್ಕೋ."

ಮರುದಿನ ಮಂಗಳವಾರ. ಕೊನೆಯ ತಪಾಸಣೆಗೆ ಟೈಲರ್ ಬಂದ. ಅಂಗಿ ಎತ್ತಿದ. ನಾನು ಬೆರಳಿಂದ ಒತ್ತಿ ಹುಡುಕಿದೆ. ನಿಂಬೆಹಣ್ಣು ಕರಗಿ ಕಡಲೆಕಾಳಿನಷ್ಟಾಗಿತ್ತು.

"ಅಣ್ಣ, ಈಗ ಎಲ್ಲಿ ಚುಚ್ಕೋತೀರಿ?"

"ಈ ವಾರ ಎಡಗಡೆ ಪಾತಿ," ಅಂದ, ಟೇಪು ಕೊರಳಿಗೆ ಹಾಕಿಕೊಂಡಷ್ಟು ಸಲೀಸಾಗಿ. "ದಿನಾ ಒಂದು ಬೆರಳು ಪಕ್ಕಕ್ಕೆ. ಬಾಗಿಲ ಪಾತೀಲಿ ಇನ್ನೂ ಸ್ವಲ್ಪ ದಿಬ್ಬ ಇದೆಯಲ್ಲ, ಅಲ್ಲಿಗೆ ಆನೇನ ಬಿಡೋ ಹಾಗಿಲ್ಲ."

"ಏನನ್ನ?"

"ಆನೆ ಕಣ್ರೀ. ರಾಣಿ ತೋಟಕ್ಕೆ ಸೊಂಡಿಲಲ್ಲಿ ನೀರು ಹಾಕತ್ತಲ್ಲ, ಆ ಆನೆ. ಮಂಡಿನೋವಿನ ಆನೆ. ನಿಮಗೆ ಗೊತ್ತಿಲ್ವಾ? ಅಯ್ಯೋ, ಒಳ್ಳೇ ಕಥೆ ತಂಗಿ, ಕೂತ್ಕೊಳ್ಳಿ ಹೇಳ್ತೀನಿ!"

ನಾನು ಕೂತೆ. ಅವನು ಕಥೆ ಪೂರ್ತಿ ಹೇಳಿದ. ರಾಣಿಗೆ ಈಗ ಮುಂಗೋಪದ ಗಂಡನೊಬ್ಬ ಬಂದಿದ್ದ, ದಿಬ್ಬದ ಮೇಲೆ ಒಂದು ಕಾಗೆ ಕೂತಿತ್ತು. ನನಗೆ ಕಥೆಯ ಚೆಂದ ಕೇಳುವ ಸ್ಥಿಮಿತವಿರಲಿಲ್ಲ. ಎದೆಯಲ್ಲಿ ಒಂದೇ ಭಯ: ಡೋಸಿನ ಮಾತು ದಾರಿಯಲ್ಲೆಲ್ಲೋ ಉದುರಿಹೋಗಿದ್ದರೆ?

"ಅಣ್ಣ, ಆನೆ ಹೊಸ ಪಾತಿಗೆ ಹೋಗೋ ಮುಂಚೆ..."

"ಅಲ್ಲಿ ವಿಷಲ್!" ಎಂದು ಅವನು ಎರಡು ಬೆರಳೆತ್ತಿದ. "ವಿಷಲ್ ಹೊಡೆದ್ರೆ ಬಸ್ ನಿಲ್ಲಬೇಕು. ಇಳಿದು ಡಾಕ್ಟರನ್ನ ಕೇಳಬೇಕು. ನಾನೂ ಕೇಳ್ದೆ, ಡೋಸ್ ಇಳಿಸಿದ್ರು. ಅಷ್ಟೂ ಗೊತ್ತಿಲ್ದೆ ಇರ್ತೀನಾ?"

"ಯಾರು ಹೇಳಿದ್ದು ನಿಮಗೆ ಈ ಕಥೆ?"

"ಬೆಂಚು," ಅಂದ.

ಬಾಗಿಲು ತೆರೆದು ಕಾರಿಡಾರಿಗೆ ಹೋದೆ. ಡಾಕ್ಟರ ಕೋಣೆಯ ಎದುರಿನ ಉದ್ದ ಮರದ ಬೆಂಚು. ಹಳದಿಯವರೂ ನೀಲಿಯವರೂ ಅದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕಾಯುವವರು. ಗುಂಪು ಮಾಡಲು ಚೀಟಿ, ಕಾರ್ಡು, ಬಣ್ಣ ಎಲ್ಲ ಯೋಚಿಸಿದ್ದ ನನಗೆ ಬೆಂಚು ಹೊಳೆದೇ ಇರಲಿಲ್ಲ. ಅದರ ನಡುವೆ ವಿಷಲಮ್ಮ ಎದ್ದು ನಿಂತಿದ್ದಳು.

"ಸ್ವಲ್ಪ ಮುಂದೆ ಸರೀರಿ, ಒಳಗೆ ಜಾಗ ಖಾಲಿ ಇದೆ! ಯಾರು ಹೊಸಬರು? ನೀನಾ ತಾಯಿ? ರಾತ್ರಿ ಸೂಜಿ ಎಲ್ಲಿಗೆ? ಎಡತೊಡೆ? ಹೋದ ವಾರ? ಅದೇ ತೊಡೆ? ಪೀಪ್!"

ಇಡೀ ಬೆಂಚು ನಕ್ಕಿತು. ನಾನು ಆಕೆಯ ಕೈ ಹಿಡಿದು ಪಕ್ಕಕ್ಕೆ ಕರೆದೆ.

"ಅಮ್ಮಾ, ನೀಲಿ ಕಾರ್ಡಿನವರಿಗೆ ಹೇಳಬಾರದಿತ್ತು. ನನ್ನ ಅಧ್ಯಯನವೇ ಮುಳುಗಿಹೋಯ್ತು."

ವಿಷಲಮ್ಮನ ಮುಖ ಚಿಕ್ಕದಾಯಿತು. "ನೀನೇ ಹೇಳಿದ್ಯಲ್ಲ ಮಗಳೇ, ಇನ್ನೊಬ್ಬರಿಗೆ ಹೇಳ್ಕೊಟ್ರೆ ಮಾತ್ರ ಕಲಿತ ಹಾಗೆ ಅಂತ. ಬೆರಳೆತ್ತಿ ಬೇರೆ ಹೇಳಿದ್ದೆ." ಆಮೇಲೆ ಮೆಲ್ಲಗೆ ಸೇರಿಸಿದಳು: "ಟಿಕೆಟ್ಟಿನ ಬಣ್ಣ ಯಾವುದಾದ್ರೇನು, ಬಸ್ಸು ಒಂದೇ ಅಲ್ವಾ?"

ಆಕೆಯನ್ನು ಮತ್ತೆ ಬೆಂಚಿನ ಹತ್ತಿರ ಬಿಟ್ಟು ಬಂದೆ.

ಮೇಡಂಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿದರು, ಆನೆಯ ಹತ್ತಿರ ಬಂದಾಗ ತುಟಿ ಕಚ್ಚಿಕೊಂಡರು, ವಿಷಲ್ ಬಂದಾಗ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು, "ಎರಡೂ ಗುಂಪನ್ನ ಒಂದೇ ಬೆಂಚಲ್ಲಿ ಕೂರಿಸಿದ್ದು ನೀನು, ಅದನ್ನ ಕೇಳದೇ ಬಿಟ್ಟದ್ದು ನಾನು. ಪ್ರಬಂಧದಲ್ಲಿ ಇದನ್ನೂ ಬರಿ," ಅಂದರು. ಆಮೇಲೆ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. "ಶುಕ್ರವಾರದ ಕ್ಲಿನಿಕ್ಕಿನವರು? ಅದೇ ಡಾಕ್ಟರು, ಅದೇ ಔಷಧಿ, ಅದೇ ಕಾಗದ. ಆದ್ರೆ ವಿಷಲಮ್ಮ ಬರೋದು ಮಂಗಳವಾರ ಮಾತ್ರ."

ಇಬ್ಬರೂ ದಾಖಲೆಗಳ ಕೋಣೆಗೆ ಓಡಿದೆವು. ಶುಕ್ರವಾರದವರ ಸಕ್ಕರೆ ಆರು ತಿಂಗಳ ಹಿಂದೆ ಎಲ್ಲಿತ್ತೋ ಅಲ್ಲೇ ಕಾಲು ಚಾಚಿ ಕೂತಿತ್ತು.

ಗುರುವಾರ ಸೂಪರಿಂಟೆಂಡೆಂಟ್ ಸಾಹೇಬರು ಎಲ್ಲವನ್ನೂ ಕೇಳಿ ಟೇಪನ್ನು ಎಳೆದರು, ಬಿಟ್ಟರು, ಎಳೆದರು, ಬಿಟ್ಟರು.

"ಅಂದ್ರೆ ನೀವು ಹಾಕಿದ ಲೆಕ್ಕ ತಪ್ಪು."

"ಹೌದು ಸರ್," ಅಂದೆ. "ಎರಡು ಗುಂಪು ಬೇರೆಯಾಗಿ ಉಳೀಲಿಲ್ಲ. ಅವೆರಡನ್ನ ಹೋಲಿಸಿ ಪಾಠದ ಬಗ್ಗೆ ಏನೂ ಹೇಳೋ ಹಾಗಿಲ್ಲ. ಶುಕ್ರವಾರದ್ದು ಒಂದು ಸುಳಿವು ಮಾತ್ರ, ಅದನ್ನ ಸರಿಯಾಗಿ ಮಾಡಿ ನೋಡಬೇಕು. ಮಂಗಳವಾರದವರು ಮಾತ್ರ ಎಲ್ರೂ ಹುಷಾರಾಗಿದ್ದಾರೆ."

"ನನಗೆ ಪೆಟ್ಟಿಗೆ ಇಡೋಕೆ ಜಾಗ ಬೇಕೇ ಬೇಕು. ಕೋಣೆ ಕೊಡೋಕಾಗಲ್ಲ."

ಕಿಟಕಿ, ಹೊದಿಕೆಗಳು, ಹಡಗು ಎಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋದವು. ಹಾಗೇ ಬೆಂಚೂ ಬಂತು, ತೊಡೆಗೆ ತೊಡೆ ತಾಗಿಸಿ.

"ಕೋಣೆ ತಗೊಳ್ಳಿ ಸರ್," ಅಂದೆ. "ಕ್ಲಾಸು ಇರಲಿ. ಬೆಂಚಲ್ಲೇ ಮಾಡ್ತೀನಿ. ಶುಕ್ರವಾರಾನೂ."

ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಬೈಗುಳವೋ ಶಹಭಾಸೋ ತಿಳಿಯಲಿಲ್ಲ. ಸಾಹೇಬರು ಟೇಪನ್ನು ಜೇಬಿಗೆ ಸೇರಿಸಿ, "ಬೆಂಚಿಗೆ ಬಾಡಿಗೆ ಇಲ್ಲ," ಎಂದರು. ಒಪ್ಪಿಗೆಯನ್ನು ಅವರು ಅದಕ್ಕಿಂತ ಸಿಹಿಯಾಗಿ ಹೇಳಿದ್ದನ್ನು ಯಾರೂ ಕೇಳಿಲ್ಲವಂತೆ.

ಮುಂದಿನ ಮಂಗಳವಾರ ಕಾರಿಡಾರಿನಲ್ಲಿ ಸಲೈನ್ ಪೆಟ್ಟಿಗೆಗಳು ಒಂದು ಕಡೆಯಿಂದ ಕೋಣೆಯೊಳಗೆ ಹೋಗುತ್ತಿದ್ದವು, ಇನ್ನೊಂದು ಕಡೆ ಕ್ಲಾಸು ನಡೆದಿತ್ತು. ಕಾರ್ಡುಗಳಿರಲಿಲ್ಲ. ಟೈಲರ್ ತನ್ನ ಕಾಲರ್ ಪ್ಯಾಟರ್ನಿನಂತೆಯೇ ಕಾಗದ ಕತ್ತರಿಸಿ ಹೊಟ್ಟೆ ತೊಡೆಗಳ ಪಾತಿ ಮಾಡಿ ತಂದಿದ್ದ. ವಿಷಲಮ್ಮ ಕಥೆ ಹೇಳುತ್ತಿದ್ದಳು, ತಪ್ಪಿದಲ್ಲಿ ನಾನು ಸರಿಪಡಿಸುತ್ತಿದ್ದೆ, ನಾನು ತಪ್ಪಿದಲ್ಲಿ ಅವಳು ವಿಷಲ್ ಊದುತ್ತಿದ್ದಳು. ಪೆಟ್ಟಿಗೆಗಳ ಉಸ್ತುವಾರಿಗೆ ಬಂದಿದ್ದ ಸಾಹೇಬರು ಟೇಪು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಕಥೆ ನಡುವೆ ಡಾಕ್ಟರು ಯಾರನ್ನೋ ಕರೆದು ಮಾತು ನಿಂತಾಗ ಅವರೇ ಕೇಳಿದರು: "ಆಮೇಲೆ ಆನೆ ಏನ್ಮಾಡ್ತು?"

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. "ಒಂದೇ ಬೇಜಾರು ಅಜ್ಜಿ. ನಿನ್ನ ಕತ್ತೇನ ಆನೆ ಮಾಡ್ಬಿಟ್ರು."

ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕಳು. "ನಮ್ಮಜ್ಜಿ ಹೇಳ್ತಿದ್ದಾಗ ಅದು ಒಂಟೆ ಕಣೇ. ಕತ್ತೆ ಮಾಡಿದ್ದು ನಾನು."

"ಯಾಕೆ?"

"ಒಂಟೆ ಅಂದ್ರೆ ನೀನು ಹೆದರಿ ಅಳ್ತಿದ್ದೆ. ಕತ್ತೆ ಅಂದ್ರೆ ನಗ್ತಿದ್ದೆ. ನನಗೆ ಊಟ ಮಾಡಿಸಬೇಕಿತ್ತಲ್ಲ!"