ಕೊನೆಯ ಕಡ್ಡಿ ಇದ್ದ ಜಾಗ

ನಾನು ಒಂದು ಟ್ಯಾಂಕು. ಹೊರಗೊಂದು ಅಲ್ಯೂಮಿನಿಯಮ್ ಗೋಡೆ, ಒಳಗೊಂದು. ನಡುವೆ ಏನೂ ಇಲ್ಲ, ಗಾಳಿಯೂ ಇಲ್ಲ. ಕಾರ್ಖಾನೆಯಲ್ಲಿ ಅದನ್ನೂ ಹೀರಿ ತೆಗೆದ ಮೇಲೆಯೇ ನಾನು ನಾನಾದದ್ದು. ಆ ಖಾಲಿ ಜಾಗದಿಂದಾಗಿಯೇ ನನ್ನೊಳಗಿನ ಚಳಿ ಹೊರಗೆ ಹೋಗುವುದಿಲ್ಲ, ಹೊರಗಿನ ಬಿಸಿ ಒಳಗೆ ಬರುವುದಿಲ್ಲ.

ಹುಬ್ಬಳ್ಳಿಯಲ್ಲಿ, ಮಕ್ಕಳಾಗದವರು ಬರುವ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನನ್ನು ಇಟ್ಟರು. ಒಳಗೆ ಹೊಗೆಯಾಡುವ ದ್ರವ ಸಾರಜನಕ ಸುರಿದರು. ಅದರಲ್ಲಿ ಸಣ್ಣ ಸಣ್ಣ ಕಡ್ಡಿಗಳನ್ನು ಇಳಿಬಿಟ್ಟರು. ಒಂದೊಂದು ಕಡ್ಡಿಯ ತುದಿಯಲ್ಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಭ್ರೂಣ. ಅವು ಬೆಳೆಯುತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ನನ್ನನ್ನು ನೋಡಿಕೊಳ್ಳುತ್ತಿದ್ದವಳು ಶೈನಾಜ್. ದಿನಾ ಬೆಳಗ್ಗೆ ನನ್ನ ಮುಚ್ಚಳ ತೆಗೆದು, ಕೋಲು ಇಳಿಸಿ ದ್ರವದ ಆಳ ನೋಡುತ್ತಿದ್ದಳು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಗದ್ದ ಮಾತ್ರ.

ಸುಮೇಧಾಳ ಕಡ್ಡಿಗಳೂ ನನ್ನಲ್ಲಿದ್ದವು. ಅವಳ ಮದುವೆಯೇ ತಡವಾಗಿತ್ತು. ಇದ್ದ ಮೂರರಲ್ಲಿ ಎರಡು ಗರ್ಭದಲ್ಲಿ ನಿಲ್ಲಲಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಅಂಡ ಸಿಗುವ ಆಸೆ ಬಿಡಿ ಎಂದು ಡಾಕ್ಟರ್ ಹೇಳಿಯಾಗಿತ್ತು. ಉಳಿದದ್ದು ಒಂದೇ ಕಡ್ಡಿ.

ಆ ಶ್ರಾವಣದಲ್ಲಿ ಅದನ್ನು ತೆಗೆಯುವ ದಿನ ಬಂತು. ಲ್ಯಾಬಿನ ಬಾಗಿಲಲ್ಲಿ ಸುಮೇಧಾ ನಿಂತಿದ್ದಳು, ಹಿಂದೆ ಅವಳ ಅತ್ತೆ. ಕಡ್ಡಿ ಮುಟ್ಟುವ ಮೊದಲು ಹೆಸರು ಕೇಳುವುದು ಇಲ್ಲಿನ ಕಟ್ಟಳೆ.

"ನಿಮ್ಮ ಮನಿಯವರ ಹೆಸರು?" ಎಂದಳು ಶೈನಾಜ್.

ಸುಮೇಧಾ ತಿರುಗಿ ಅತ್ತೆಯ ಮುಖ ನೋಡಿದಳು. ಹಿರಿಯರೆದುರು ಗಂಡನ ಹೆಸರು ನೇರ ಹೇಳುವಂತಿಲ್ಲ, ಪದ್ಯ ಕಟ್ಟಿ ಒಡಪಿನಲ್ಲೇ ಹೇಳಬೇಕು.

"ಒಡಪು ಹಾಕೂದು ಬ್ಯಾಡಕ್ಕಾ, ಬರೇ ಹೆಸರು ಸಾಕು."

ಅತ್ತೆಯೇ ಮೊದಲು ನಕ್ಕರು. "ಹೇಳವಾ, ಇಲ್ಲಿ ಯಾರದಾರ ಕೇಳವ್ರು?"

"ಪ್ರಾಣೇಶ" ಎಂದಳು ಸುಮೇಧಾ, ನೆಲ ನೋಡುತ್ತ.

"ಗರ್ಭ ಹದಾ ಮಾಡೂ ಗುಳಿಗಿ ಒಂದೂ ತಪ್ಪಿಸಿಲ್ಲ ಹೌದಿಲ್ಲೋ? ತಪ್ಪಿದ್ರ ಈಗ ಹೇಳ್ರಿ. ಕಡ್ಡಿ ಇವತ್ತ ತೆಗಿಯೂದಿಲ್ಲ, ಮುಂದಿನ ತಿಂಗಳ ನೋಡೋಣು."

ಉತ್ತರ ಕೊಟ್ಟವರು ಅತ್ತೆ. "ಎಲ್ಲಾ ಬರೋಬ್ಬರಿ ಮಾಡ್ಯಾಳವಾ ನಮ್ಮ ಸೊಸಿ. ಮಂಗಳಗೌರಿ ಪೂಜಿನೂ ಬಿಟ್ಟಿಲ್ಲ, ಗುಳಿಗಿನೂ ಬಿಟ್ಟಿಲ್ಲ." ದನಿಯಲ್ಲಿ ಹೆಮ್ಮೆಯಿತ್ತು.

"ಹೌದೇನಕ್ಕಾ?"

ಸ್ವಲ್ಪ ತಡವಾಗಿ ಸುಮೇಧಾ "ಹೂಂ" ಎಂದಳು.

ಶೈನಾಜ್ ಮುಚ್ಚಳ ತೆಗೆದಳು. ಕಡ್ಡಿ ನನ್ನ ಕತ್ತು ದಾಟಿ ಬೆಳಕಿಗೆ ಹೋಯಿತು.

ಭ್ರೂಣವನ್ನು ಗರ್ಭದಲ್ಲಿಟ್ಟ ಎರಡು ವಾರಕ್ಕೆ ರಕ್ತದ ಪರೀಕ್ಷೆಯಾಯಿತು. ಅದೂ ನಿಂತಿರಲಿಲ್ಲ.

ಕೆಲವು ದಿನ ಬಿಟ್ಟು ಸುಮೇಧಾ ಒಬ್ಬಳೇ ಬಂದಳು. ಅದು ಇದ್ದ ಜಾಗ ತೋರಿಸು ಎಂದಳು. ಹಾಗೆ ತೋರಿಸುವ ಪದ್ಧತಿಯಿಲ್ಲ. ಶೈನಾಜ್ ಕಾರಿಡಾರಿನತ್ತ ಒಮ್ಮೆ ನೋಡಿ ಅವಳನ್ನು ಒಳಗೆ ಕರೆದಳು, ನನ್ನ ಮುಚ್ಚಳ ಎತ್ತಿದಳು. ಬಿಳಿ ಹೊಗೆ ಉಕ್ಕಿ ಸುಮೇಧಾಳ ಸೀರೆಯ ನಿರಿಗೆಗಳ ಮೇಲೆ ಇಳಿಯಿತು. ಅವಳು ಹಿಂದೆ ಸರಿಯಲಿಲ್ಲ.

"ಮಂಗಳಗೌರಿ ದಿನ ಮಡಿಯೊಳಗಿದ್ದೆ ಶೈನಾಜ್. ಆ ಗುಳಿಗಿ ಕೆಳಗ ಒಳಗ ಇಟ್ಕೊಂಡ್ರ ಮಡಿ ಕೆಡ್ತದ, ಮತ್ತ ತಲಿಮ್ಯಾಲೆ ನೀರ ಹಾಕ್ಕೋಬೇಕು. ಮನಿ ತುಂಬ ಮುತ್ತೈದೇರು. ಇದು ಐದನೇ ವರ್ಷದ್ದು, ಕಡೀ ಪೂಜಿ. ಒಂದು ದಿನ ಗುಳಿಗಿ ಬಿಟ್ರ ಏನಾಗ್ತದ ಅಂದ್ಕೊಂಡೆ. ಕೂಸು ಬೇಡ್ಕೊಳ್ಳಾಕನ ಕೂತಿದ್ದೆ ನೋಡು."

ಸುಮೇಧಾ ಬಗ್ಗಿ ನನ್ನೊಳಗೆ ನೋಡಿದಳು.

"ಅದರಿಂದನ ಹೋತೇನು?"

ಕಾರಣಗಳ ಪಟ್ಟಿ ನನಗೂ ಬಾಯಿಪಾಠ. ಡಾಕ್ಟರು ಎಲ್ಲರಿಗೂ ಅದನ್ನೇ ಹೇಳುತ್ತಾರೆ. ಅಂಡ ತೆಗೆದಾಗಿನ ವಯಸ್ಸು. ಭ್ರೂಣದ ಗುಣ. ಕರಗಿಸಿದಾಗ ಅದು ಪೂರ್ತಿ ಉಳಿಯಿತೋ ಇಲ್ಲವೋ. ಗರ್ಭದ ಒಳಪದರ ದಪ್ಪವಾಗಿದೆಯೋ, ಗುಳಿಗೆಯಿಂದ ಸರಿಯಾದ ಹೊತ್ತಿಗೆ ಹದವಾಗಿದೆಯೋ. ಎಲ್ಲ ಸರಿಯಿದ್ದೂ ನಿಲ್ಲದವು ಎಷ್ಟೋ.

"ಗೊತ್ತಿಲ್ಲಕ್ಕಾ" ಎಂದಳು ಶೈನಾಜ್. "ಅದರಿಂದನ ಇರಬಹುದು. ಅಲ್ಲದನೂ ಇರಬಹುದು."

"ಹೌದು ಅಂತಾದ್ರೂ ಹೇಳು. ಇಲ್ಲಂದ್ರ ಅಲ್ಲ ಅಂತಾದ್ರೂ ಹೇಳು."

ಶೈನಾಜ್ ಮುಚ್ಚಳ ಹಾಕಿದಳು. ಸುಮೇಧಾ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒಳಗೆ ಅಷ್ಟು ಚಳಿಯಿದ್ದರೂ ಹೊರಗೆ ನಾನು ಕೋಣೆಯಷ್ಟೇ ಬೆಚ್ಚಗಿದ್ದೆ. ಅವಳಿಗೆ ಅದು ವಿಚಿತ್ರವೆನಿಸಿರಬೇಕು, ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಗೋಡೆಗಳ ನಡುವೆ ಗಾಳಿ ನುಸುಳಿತು. ಮೈ ಬೆವರತೊಡಗಿತು. ಕಡ್ಡಿಗಳನ್ನು ಹೊಸ ಟ್ಯಾಂಕಿಗೆ ಸಾಗಿಸಿ, ಆ ಗಾಳಿಯನ್ನು ಮತ್ತೆ ಹೀರಿಸಿ, ನನ್ನನ್ನು ಕಲಘಟಗಿ ಕಡೆಯ ಒಂದು ದನದ ದವಾಖಾನೆಗೆ ಕೊಟ್ಟರು. ಅಲ್ಲಿ ಹೋರಿಯ, ಕೋಣದ ವೀರ್ಯ ಕಾದೆ. ಎಮ್ಮೆಯೊಂದು ಮೂರು ಸಲ ಗಬ್ಬ ನಿಲ್ಲದಿದ್ದಾಗ ಅದರ ಯಜಮಾನ ಡಾಕ್ಟರನ್ನು ಬೈದು, ಅದನ್ನು ಸಂತೆಗೆ ಹೊಡೆದುಕೊಂಡು ಹೋದ. ಕಾರಣ ಕೇಳಲಿಲ್ಲ. ಎಮ್ಮೆಯೂ ಕೇಳಲಿಲ್ಲ.

ಈಗ ಅಲ್ಲಿಯದೇ ಹಿತ್ತಲ ಕೋಣೆಯಲ್ಲಿ, ಮುರಿದ ಕುರ್ಚಿಗಳ ಜೊತೆ ಇದ್ದೇನೆ. ಮುಚ್ಚಳ ಕಳೆದುಹೋಗಿದೆ. ಹೋದ ಬೇಸಿಗೆಯಲ್ಲಿ ಹಲ್ಲಿಯೊಂದು ನನ್ನ ತಳಕ್ಕಿಳಿದು ಎರಡು ಮೊಟ್ಟೆಯಿಟ್ಟು ಹೋಯಿತು. ಯಾರೂ ಆಳ ನೋಡಲಿಲ್ಲ, ಯಾರೂ ಹೆಸರು ಕೇಳಲಿಲ್ಲ. ಒಂದು ದಿನ ಒಂದು ಮೊಟ್ಟೆ ಒಡೆದು ಮರಿ ಹೊರಬಂತು, ನನ್ನ ಕತ್ತು ಹತ್ತಿ ಹೋಯಿತು.

ಇನ್ನೊಂದು ಹಾಗೆಯೇ ಇದೆ. ಅದೇ ತಳ, ಅದೇ ಬಿಸಿ, ಅದೇ ಹಲ್ಲಿ. ಇದು ಯಾಕೆ ಒಡೆಯಲಿಲ್ಲ ಎಂದು ಸುಮೇಧಾ ಬಂದು ಕೇಳಿದರೆ ನಾನೂ ಶೈನಾಜಳಂತೆಯೇ ಗೊತ್ತಿಲ್ಲ ಎಂದು ಹೇಳಬೇಕಾಗುತ್ತದೆ.