ಕೆಂಪು ಮುಳ್ಳು ನಿಂತ ಜಾಗ

ನಾನು ಒಡೆಯುವ ಯಂತ್ರ. ಕಾಂಕ್ರೀಟ್ ಒಡೆಯುವುದೇ ನನ್ನ ಕಸುಬು, ಬೇರೆ ವಿದ್ಯೆ ಗೊತ್ತಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕಾದ ಕಬ್ಬಿಣವಾಗಿ ಹರಿದು, ಎರಡು ದಪ್ಪ ಫಲಕ, ಒಂದು ಎಣ್ಣೆ ಪಂಪು, ಮುಖಕ್ಕೊಂದು ಡಯಲ್ಲು ಪಡೆದು ಎದ್ದು ನಿಂತೆ. ಡಯಲ್ಲಿನಲ್ಲಿ ಭಾರ ತೋರಿಸುವ ಕಿಲೋನ್ಯೂಟನ್ ಅಂಕಿಗಳು, ಎರಡು ಮುಳ್ಳು. ಭಾರ ಏರಿದಂತೆ ಕರಿಮುಳ್ಳು ಕೆಂಪು ಮುಳ್ಳನ್ನು ತಳ್ಳಿಕೊಂಡು ಹೋಗುತ್ತದೆ. ಕಾಂಕ್ರೀಟ್ ಒಡೆದ ಕೂಡಲೇ ಕರಿಮುಳ್ಳು ಸೊನ್ನೆಗೆ ಓಡಿಬರುತ್ತದೆ. ಕೆಂಪು ಮುಳ್ಳು ಮಾತ್ರ, ಯಾರಾದರೂ ಕೈಯಿಂದ ತಿರುಗಿಸುವ ತನಕ, ಒಡೆದ ಜಾಗದಲ್ಲೇ ನಿಲ್ಲುತ್ತದೆ. ಹೊಗಳಿಕೊಳ್ಳುತ್ತೇನೆ ಅನ್ನಬೇಡಿ, ನನ್ನ ಹೊಟ್ಟೆಯಲ್ಲಿ ಸುಳ್ಳಿರಲಿಲ್ಲ.

ವಿಶ್ವವಿದ್ಯಾಲಯದ ಸಿವಿಲ್ ವಿಭಾಗಕ್ಕೆ ಲಾರಿಯಲ್ಲಿ ಬಂದೆ. ನನ್ನನ್ನು ನಿಲ್ಲಿಸಿದ್ದು ಪ್ರಯೋಗಾಲಯದ ಬಾಗಿಲಿಗೆ ಎದುರಾಗಿ. ಕಾರಿಡಾರಿನ ಆಚೆ ‘ವಿಭಾಗದ ಸುದ್ದಿ’ ಎಂಬ ಗಾಜಿನ ಫಲಕ. ಮೂವತ್ತು ವರ್ಷ ಅದನ್ನೇ ಓದಿದೆ. ಯಾರಿಗೆ ಪಿಎಚ್.ಡಿ. ಬಂತು, ಯಾರ ಕೊರಳಿಗೆ ಹಾರ ಬಿತ್ತು, ಎಲ್ಲ ಅಲ್ಲಿರುತ್ತದೆ. ಯಾವ ಕಾಂಕ್ರೀಟು ಎಷ್ಟಕ್ಕೆ ಒಡೆಯಿತು ಎಂಬುದು ಒಂದು ದಿನವೂ ಬರಲಿಲ್ಲ.

ಮೊದಲ ಸಹಾಯಕರು ನಿವೃತ್ತರಾದರು. ಎರಡನೆಯವನಿಗೆ ನನ್ನನ್ನು ಕಂಡರೆ ಪುಕುಪುಕು. ಮೂರನೆಯವನು ಯಮನೂರಪ್ಪ. ಹದಿನಾಲ್ಕು ವರ್ಷದಿಂದ ಹಂಗಾಮಿ ನೌಕರ. ದಿನಾ ಬೆಳಿಗ್ಗೆ ತನ್ನ ಟವೆಲಿನಿಂದಲೇ ನನ್ನ ಮುಖ ಒರೆಸುತ್ತಿದ್ದ.

ಒಂದು ವರ್ಷ ವಿಭಾಗಕ್ಕೇ ಹೊಸ ಸೆಮಿನಾರ್ ಹಾಲ್ ಎದ್ದಿತು. ಸ್ಲ್ಯಾಬ್ ಹಾಕಿದ ದಿನ ಅದೇ ಕಲಸಿದ ಮಾಲಿನಿಂದ ಮೂರು ಚೌಕದ ಗಟ್ಟಿಗಳನ್ನು ಅಚ್ಚು ಹೊಯ್ದು, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಆಮೇಲೆ ನನ್ನ ಬಾಯಿಗೆ ಕೊಡುವುದು ಪದ್ಧತಿ. ಇವಕ್ಕೆ ಕ್ಯೂಬ್ ಅನ್ನುತ್ತಾರೆ. ಅನ್ನ ಬೆಂದಿತೋ ಎಂದು ಅಗುಳು ಹಿಚುಕಿ ನೋಡಿದ ಹಾಗೆ. ಮೊದಲನೆಯದನ್ನು ಒತ್ತಿದೆ. ಅಯ್ಯೋ, ಒತ್ತಲು ಶುರು ಮಾಡುವಷ್ಟರಲ್ಲೇ ಮುಗಿಯಿತು!

“ಸರ, ನಾಕನೂರಾ ಐವತ್ತರ ಬರಬೇಕಿತ್ರಿ. ಎರಡನೂರಾ ನಲವತ್ತಕ್ಕ ಪುಡಿಪುಡಿ ಆತು,” ಎಂದ ಯಮನೂರಪ್ಪ.

ವಿಭಾಗದ ಮುಖ್ಯಸ್ಥರಾದ ಲೋಣಿ ಸರ್ ಬಾಗಿಲು ಮುಂದೆ ಮಾಡಿದರು. “ಸಾವಕಾಶ ಮಾತಾಡೋ ಮಾರಾಯ. ಬರೋ ಸೋಮವಾರ ಕುಲಪತಿಗಳು ಉದ್ಘಾಟನಾಕ್ಕ ಬರ್ತಾರ. ಕಾರ್ಡ್ ಹಂಚೀವಿ. ಹುಡುಗರು ಪ್ರಾಜೆಕ್ಟಿಗಂತ ಮಾಡಿದ ಗಟ್ಟಿ ಕ್ಯೂಬ್ ಅದಾವಲ್ಲ, ಅದರಾಗ ಮೂರು ತಗದು ಈ ಹಾಲಿನ ನಂಬರ್ ಬರಿ.”

“ಸ್ಲ್ಯಾಬ್ ಬೀಳ್ತೈತ್ರಿ ಸರ.”

“ಬಿದ್ರ ನನ್ನ ತಲಿ ಮ್ಯಾಲ ಬೀಳ್ತೈತಿ, ನಿನಗ್ಯಾಕ ಚಿಂತಿ? ನಿನ್ನ ಕಾಯಂ ಮಾಡೋ ಫೈಲ್ ನನ್ನ ಟೇಬಲ್ ಮ್ಯಾಲ ಐತಿ, ನೆನಪೈತಿಲ್ಲೋ?”

ಯಮನೂರಪ್ಪ ಹುಡುಗರ ಕ್ಯೂಬುಗಳ ಹಳೆಯ ನಂಬರ್ ಕೆರೆದು ತೆಗೆದ. ಆಮೇಲೆ ಕೆಂಪು ಬಣ್ಣದಲ್ಲಿ ಹಾಲಿನ ನಂಬರ್ ಬರೆದ. ಗಟ್ಟಿ ಕ್ಯೂಬನ್ನು ನಾನು ಗಟ್ಟಿ ಎಂದೇ ಹೇಳಿದೆ, ಐನೂರು ದಾಟಿತು. ಅದರ ಮೈಮೇಲೆ ಬರೆದ ಹೆಸರೇ ಸುಳ್ಳಾದರೆ ನಾನೇನು ಮಾಡಲಿ? ಅವನು ವರದಿಗೆ ಸಹಿ ಹಾಕಿದ. ಹಾಲಿನ ನಿಜವಾದ ಎರಡು ಕ್ಯೂಬು ಉಳಿದಿದ್ದವಲ್ಲ, ಎಸೆಯಲು ಮನಸ್ಸಾಗದೆ ನೀರಿನ ತೊಟ್ಟಿಯ ಮೂಲೆಯಲ್ಲೇ ಬಿಟ್ಟ.

ಫಲಕದಲ್ಲಿ ಉದ್ಘಾಟನೆಯ ಫೋಟೊ ಬಂತು. ಎರಡು ತಿಂಗಳಿಗೆ ‘ಸೇವೆ ಕಾಯಂಗೊಂಡ ಯಮನೂರಪ್ಪನವರಿಗೆ ಅಭಿನಂದನೆಗಳು’. ಅವನು ಪೇಡೆ ತಂದು ನನ್ನ ಪಾದದ ಬಳಿಯೂ ಒಂದು ಇಟ್ಟ. ನೌಕರಿಯ ಜೊತೆಗೆ ಲೋಣಿ ಸರ್ ಹಾಲಿನ ಬೀಗದ ಕೈಯನ್ನೂ ಕೊಟ್ಟಿದ್ದರು. ದಿನಾ ಬೀಗ ತೆಗೆದು, ಹೊಸ್ತಿಲಲ್ಲಿ ನಿಂತು ಮೇಲೆ ನೋಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದ.

ಮರುವರ್ಷ ಮೂರು ದಿನ ಜಡಿಮಳೆ ಹಿಡಿದು ಸ್ಲ್ಯಾಬಿನ ಮೇಲೆ ನೀರು ನಿಂತಿತು. ಎಂಜಿನಿಯರುಗಳ ದಿನದ ಬೆಳಿಗ್ಗೆ, ಸಭೆಗೆಂದು ಅವನೊಬ್ಬನೇ ಕುರ್ಚಿ ಜೋಡಿಸುತ್ತಿದ್ದ. ನನ್ನ ಕೆಳಗಿನ ನೆಲ ಒಮ್ಮೆ ನಡುಗಿತು. ಕಾಂಕ್ರೀಟ್ ಒಡೆಯುವ ಸದ್ದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅವನನ್ನು ಹೊರತೆಗೆಯುವಾಗ ಮಧ್ಯಾಹ್ನವಾಗಿತ್ತು. ಫಲಕದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಬಂತು. ಲೋಣಿ ಸರ್ ತಲೆಯ ಮೇಲೆ ಧೂಳೂ ಬಿದ್ದಿರಲಿಲ್ಲ.

ತನಿಖೆಗೆ ಹೊರಗಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದರು. ತೊಟ್ಟಿಯಲ್ಲಿದ್ದ ಆ ಎರಡು ಕ್ಯೂಬುಗಳು ಅವರ ಕಣ್ಣಿಗೆ ಬಿದ್ದವು, ಮೇಲೆ ಹಾಲಿನದೇ ನಂಬರ್. ನನ್ನ ಬಾಯಿಗಿಟ್ಟರು. ಎರಡೂ ಇನ್ನೂರ ಐವತ್ತಕ್ಕೆ ಒಡೆದವು. ಈಗ ನಿಜ ಹೊರಬಿತ್ತು ಎಂದು ಹಿಗ್ಗಿದೆ. ಥೂ, ನನ್ನ ದಡ್ಡತನಕ್ಕಿಷ್ಟು!

“ನೋಡ್ರಿ ಸರ,” ಎಂದರು ಲೋಣಿ, “ಹೆಚ್ಚಿಗಿ ಹೊಯ್ದಿಟ್ಟ ಅದss ಹಾಲಿನ ಕ್ಯೂಬ್. ಅವತ್ತ ಐದನೂರು ತೋರಿಸಿತ್ತು, ಇವತ್ತ ಎರಡನೂರಾ ಐವತ್ತು. ಮಷೀನಿಗೆ ತಲಿ ಕೆಟ್ಟೈತಿ. ಪಾಪ, ಯಮನೂರಪ್ಪ ಇದನ್ನ ನಂಬಿ ಸಹಿ ಹಾಕಿದ.”

ಹಿರಿಯರು ಕೈಗಡಿಯಾರ ನೋಡಿಕೊಂಡರು. ‘ಯಂತ್ರದೋಷ’ ಎಂದು ಬರೆದು ಊಟಕ್ಕೆ ಹೋದರು.

ನನ್ನನ್ನು ಕಟ್ಟಡದ ಹಿಂದೆ ತಂದು ಎಸೆದರು. ಬಿದ್ದ ಸ್ಲ್ಯಾಬಿನ ತುಂಡುಗಳನ್ನೂ ನನ್ನ ಎದುರಿಗೇ ಸುರಿದರು. ಕೆಂಪು ಮುಳ್ಳನ್ನು ಯಾರೂ ಹಿಂದಕ್ಕೆ ತಿರುಗಿಸಲಿಲ್ಲ, ಇನ್ನೂರ ಐವತ್ತರಲ್ಲೇ ತುಕ್ಕು ಹಿಡಿಯಿತು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಅನ್ನುತ್ತಾರಲ್ಲ, ಅಂದವರು ಬಂದು ಲೋಣಿಯವರ ಸುಖ ನೋಡಲಿ.

ಯಮನೂರಪ್ಪನ ಹೆಂಡತಿ ಹುಲಿಗೆವ್ವನಿಗೆ ಅನುಕಂಪದ ಮೇಲೆ ಇಲ್ಲೇ ಕಸ ಗುಡಿಸುವ ಕೆಲಸ ಕೊಟ್ಟರು. ನಿನ್ನೆ ಅವಳು ನನ್ನ ಮುಂದೆ ಬಂದು ನಿಂತಳು. ಗಂಡನ ಟವೆಲು ಸೊಂಟಕ್ಕೆ ಸುತ್ತಿತ್ತು.

“ನೀನೇನೋ ಅದು? ದಿನಾ ನಿನ್ನ ಮಾರಿ ಒರಸ್ತೀನಿ ಅಂತಿದ್ದ. ಅವಂಗss ಸುಳ್ಳ ಹೇಳಿದೇನೋ, ನಿನ್ನ ಮಣ್ಣಾಗ ಇಡ್ಲಿ! ದೇವರಂಥಾ ಲೋಣಿ ಸಾಹೇಬ್ರು ಇರದಿದ್ರ ನನ್ನ ಮಕ್ಕಳು ಉಪವಾಸ ಸಾಯ್ತಿದ್ವು.”

ಸ್ಲ್ಯಾಬಿನದೊಂದು ತುಂಡು ಎತ್ತಿ ನನ್ನ ಮುಖಕ್ಕೆ ಹೊಡೆದಳು. ಗಾಜು ಬಿರಿಯಿತು, ಮುಳ್ಳು ಅಲುಗಲಿಲ್ಲ. ಅವಳ ಕೈಯಲ್ಲಿದ್ದ ಕಾಂಕ್ರೀಟ್ ಮಾತ್ರ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ನೋಡು ತಾಯಿ, ನಿನ್ನ ಕೈಯಲ್ಲೇ ಇದೆ ನೋಡು ಎಂದು ಕೂಗಬೇಕೆನಿಸಿತು. ಒತ್ತುವುದಕ್ಕಷ್ಟೇ ಬಾಯಿ ಕೊಟ್ಟಿದ್ದರು ನನಗೆ.

ಅವಳು ಆ ಪುಡಿಯನ್ನು ಗುಡಿಸಿ ಕಸದ ಬುಟ್ಟಿಗೆ ತುಂಬಿದಳು. ಕೈ ಝಾಡಿಸಿಕೊಂಡು ಲೋಣಿ ಸರ್ ಕೋಣೆ ಒರೆಸಲು ಹೋದಳು.