ನೀರಿನ ಟ್ಯಾಂಕಿನ ಕೆಳಗಿನ ಮೂಲೆ

ನನ್ನ ಸೋದರತ್ತೆ ತನ್ನ ಅಪ್ಪನ ಮುಖ ನೋಡಿದವಳಲ್ಲ. ಅವಳಿನ್ನೂ ಹೊಟ್ಟೆಯಲ್ಲಿದ್ದಾಗ ತಾತ ಯುದ್ಧದಲ್ಲಿ ಗುಂಡು ತಗುಲಿ ಸತ್ತರು. ಅವಳ ಪಾಲಿಗೆ ಅಪ್ಪ ಎಂದರೆ ಸೈನಿಕರ ಸ್ಮಶಾನದಲ್ಲಿರುವ ಮಂಡಿಯೆತ್ತರದ ಒಂದು ಕಲ್ಲು. "ನಮ್ಮಪ್ಪನಂಥ ಅಪ್ಪ ಯಾರಿಗಿದ್ದಾರೆ ಹೇಳು? ಒಂದು ದಿನಾನೂ ಗದರಿದವರಲ್ಲ, ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ" ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ನನಗೆ ಆ ತಮಾಷೆಗೆ ಯಾವತ್ತೂ ನಗು ಬಂದಿಲ್ಲ.

ತಿಂಗಳಿಗೊಮ್ಮೆ ಬಕೆಟ್ಟು, ಬ್ರಷ್ಷು ಹಿಡಿದು ಹೊರಟುಬಿಡುವಳು. ಕಲ್ಲನ್ನು ತಿಕ್ಕಿ ತೊಳೆದು, ಕೆತ್ತಿದ ಅಕ್ಷರಗಳ ಸಂದಿಯಿಂದ ಪಾಚಿ ಕೆರೆದು, ಮನೆಯ ಸುದ್ದಿಯನ್ನೆಲ್ಲ ವರದಿ ಒಪ್ಪಿಸುವಳು. ನನ್ನ ಮದುವೆ ಮುರಿದ ಸುದ್ದಿ ನನ್ನಮ್ಮನಿಗಿಂತ ಮೊದಲು ಆ ಕಲ್ಲಿಗೆ ಗೊತ್ತಾಗಿತ್ತು. ಕೊನೆಗೆ ಕಿತ್ತ ಕಳೆಯನ್ನೂ ಬಾಡಿದ ಹೂವನ್ನೂ ಚೀಲಕ್ಕೆ ತುಂಬಿ, ಸ್ಮಶಾನದ ಆ ತುದಿಗೆ ನಡೆದು, ನೀರಿನ ಟ್ಯಾಂಕಿನ ಕೆಳಗಿನ ಮೂಲೆಯಲ್ಲಿ ಸುರಿದು ಬರುವಳು. ಒಮ್ಮೆ ನಾನು ಬೇಡವೆಂದಿದ್ದಕ್ಕೆ, "ಅಲ್ಲಿ ಮಲಗಿರೋರಿಗೆ ಹಿಂದೆ ಮುಂದೆ ಯಾರೂ ಇಲ್ಲ ಕಣೇ. ಯಾರು ಕೇಳ್ತಾರೆ?" ಎಂದಿದ್ದಳು.

ಈಗ ಅವಳ ಮಂಡಿ ಕೈಕೊಟ್ಟಿದೆ. ಹೋಗಲಾಗದ ದಿನಗಳಲ್ಲಿ ಮನೆಯಲ್ಲೇ ನೋಡುತ್ತಿರಲಿ ಎಂದು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಿದೆ. ತಾತನನ್ನು ಮಣ್ಣು ಮಾಡಿದ ದಿನದ್ದು. ಹೆಸರು ಬರೆದ ಮರದ ಹಲಗೆಯ ಪಕ್ಕ ತುಂಬು ಬಸುರಿ ಅಜ್ಜಿ ನಿಂತಿದ್ದಾಳೆ. ಹಾಗೆ ನೋಡಿದರೆ ಅತ್ತೆಯೂ ಆ ಫೋಟೋದಲ್ಲಿದ್ದಾಳೆ.

ನನ್ನದು ಕನ್ನಡಕದ ಅಂಗಡಿ. ಏನೇ ಕೈಗೆ ಬಂದರೂ ಭೂತಗನ್ನಡಿ ಹಿಡಿದು ನೋಡುವುದು ನನ್ನ ಚಾಳಿ. ಹಾಗೆ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಜ್ಜಿಯ ಬೆನ್ನ ಹಿಂದೆಯೇ ನೀರಿನ ಟ್ಯಾಂಕಿನ ಕಬ್ಬಿಣದ ಕಾಲುಗಳು. ಅತ್ತೆ ತೊಳೆಯುವ ಕಲ್ಲಿನ ಬಳಿ ನಿಂತರೆ ಆ ಟ್ಯಾಂಕು ಸ್ಮಶಾನದ ಆ ತುದಿಯಲ್ಲಿ ಹೆಬ್ಬೆರಳಷ್ಟು ಕಾಣುತ್ತದೆ.

ಸುಮ್ಮನಿರುವ ಜಾಯಮಾನ ನನ್ನದಲ್ಲ. ಮಾರನೆಯ ದಿನವೇ ಸ್ಮಶಾನದ ಆಫೀಸಿಗೆ ಹೋದೆ. ಗುಮಾಸ್ತ ಸುಣ್ಣದ ಡಬ್ಬಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ರೆಕಾರ್ಡಲ್ಲಿ ಬಾಗಿಲಿಂದ ಮೂರನೇ ಸಾಲು, ಎಡಗಡೆಯಿಂದ ಎರಡನೇದು ಅಂತಿದೆ. ಕಲ್ಲೂ ಅಲ್ಲೇ ಇದೆಯಲ್ಲ, ಮೇಡಂ."

"ಯಾವ ಬಾಗಿಲಿಂದ?"

"ಇರೋದೇ ಒಂದು ಬಾಗಿಲು."

ನಾನು ಫೋಟೋ ಮುಂದಿಟ್ಟೆ. ಅವನು ತುಂಬ ಹೊತ್ತು ನೋಡಿದ.

"ಮೊದಲು ಬಾಗಿಲು ಟ್ಯಾಂಕಿನ ಕಡೆ ಇತ್ತು. ಈ ಕಡೆ ರಸ್ತೆ ಆದ್ಮೇಲೆ ಅದನ್ನ ಮುಚ್ಚಿ ಇಲ್ಲಿ ಮಾಡಿದ್ರು. ಕಲ್ಲು ನೆಟ್ಟಿದ್ದು ಅದಾದ್ಮೇಲೆ. ಅಷ್ಟರಲ್ಲಿ ಹಲಗೆಗಳನ್ನೆಲ್ಲ ಗೆದ್ದಲು ತಿಂದಿತ್ತು..." ಮಾತು ಅರ್ಧಕ್ಕೇ ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಆಗ ಹೊಳೆದಿರಬೇಕು.

"ಅಂದ್ರೆ ಸಾಲುಗಳನ್ನ ಹೊಸ ಬಾಗಿಲಿಂದ ಎಣಿಸಿದ್ದಾರೆ!" ನನ್ನ ದನಿ ಏರಿತು. "ತಲೆ ಎಲ್ಲಿಟ್ಟುಕೊಂಡು ಕೆಲಸ ಮಾಡಿದ್ರು?"

"ಅವರ್ಯಾರೂ ಈಗಿಲ್ಲ, ಮೇಡಂ. ಒಂದು ಕಲ್ಲು ಎತ್ತಿದ್ರೆ ಎಲ್ಲಾ ಕಲ್ಲೂ ಎತ್ತಬೇಕು. ಎಷ್ಟು ಮನೆಯವರಿಗೆ ಅಂತ ಹೇಳೋದು?"

ಫೋಟೋ ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ನಾನು ಹೇಳಬೇಕಾಗಿದ್ದು ಒಂದೇ ಮನೆಯವರಿಗೆ. ಅದೇ ನನ್ನಿಂದ ಆಗುವಂತಿರಲಿಲ್ಲ. ಅವಳಿಗಿರುವುದು ಅದೊಂದೇ ಅಪ್ಪ. ಅದನ್ನೂ ಕಿತ್ತುಕೊಳ್ಳಲೇ?

ಫೋಟೋ ಸರಿಯಾಗಿ ಬರಲಿಲ್ಲವೆಂದು ಅತ್ತೆಗೆ ಸುಳ್ಳು ಹೇಳಿದೆ. ಸುಳ್ಳು ನನ್ನ ಮುಖಕ್ಕೆ ಒಗ್ಗುವುದಿಲ್ಲ. ಅವಳು ಸೀದಾ ನನ್ನ ಬ್ಯಾಗಿಗೆ ಕೈ ಹಾಕಿ ಫೋಟೋ ತೆಗೆದಳು. ನಾನೇ ಮಾಡಿಕೊಟ್ಟ ಹೊಸ ಕನ್ನಡಕ ಏರಿಸಿ ನೋಡಿದಳು.

"ಟ್ಯಾಂಕು ಇಷ್ಟು ಹತ್ತಿರ ಇದೆಯಲ್ಲೇ?"

ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?"

"ಅತ್ತೆ..."

"ಕರ್ಕೊಂಡು ಹೋಗು."

ನನ್ನ ತೋಳು ಹಿಡಿದು ಕುಂಟುತ್ತಾ ಬಂದವಳು ತಾನು ತೊಳೆದು ಬೆಳ್ಳಗೆ ಮಾಡಿದ್ದ ಕಲ್ಲಿನ ನೆತ್ತಿಯನ್ನು ಅಭ್ಯಾಸದಂತೆ ಸವರಿದಳು. ಮರುಕ್ಷಣವೇ ಬಿಸಿ ತಾಗಿದವಳಂತೆ ಕೈ ಎಳೆದುಕೊಂಡಳು. ಅಲ್ಲಿಂದ ಟ್ಯಾಂಕಿನ ಕಡೆಗೆ ನಡೆದೆವು. ಗೋಡೆಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಹಳೆಯ ಬಾಗಿಲಿನ ಗುರುತು ಇನ್ನೂ ಇತ್ತು. ಅದಕ್ಕೆ ಬೆನ್ನು ಮಾಡಿ ನಿಂತು ಎಣಿಸಿದೆ. ಮೂರನೆಯ ಸಾಲು, ಎಡಗಡೆಯಿಂದ ಎರಡನೆಯದು.

ಅಲ್ಲಿ ಕಲ್ಲೇ ಕಾಣಲಿಲ್ಲ, ಕಸದ ಗುಡ್ಡೆಯಿತ್ತು. ಮೇಲೆ ಹೋದ ಸಲದ ಹೂಗಳು, ಕೆಳಗೆ ಕೊಳೆತು ಕಪ್ಪಾದ ವರ್ಷಗಟ್ಟಲೆಯ ಕಳೆ. ಲೆಕ್ಕವನ್ನೆಲ್ಲ ಹಾಕಿದವಳು ನಾನು. ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ಮಾತ್ರ ನನ್ನ ಹಾಳು ತಲೆಗೆ ಹೊಳೆದಿರಲಿಲ್ಲ.

"ಅತ್ತೆ, ಬನ್ನಿ, ಹೋಗೋಣ."

ಅವಳು ನನ್ನ ತೋಳು ಬಿಟ್ಟಳು. ಬಗ್ಗದ ಮಂಡಿಯನ್ನು ಬಲವಂತವಾಗಿ ಬಗ್ಗಿಸಿ ಕೂತು, ಎರಡೂ ಕೈಯಿಂದ ಬಾಚತೊಡಗಿದಳು. ಪಾಚಿ ಕಟ್ಟಿದ ಕಲ್ಲಿನ ಅಂಚು ಕಂಡಿತು. ಮೇಲೆ ಬೇರೆ ಯಾರದೋ ಹೆಸರು.

"ನಾನೇ ಕಣೇ," ಎಂದಳು. "ಎಲ್ಲಾ ನಾನೇ ತಂದು ಸುರಿದಿದ್ದು, ನಮ್ಮಪ್ಪನ ಮೇಲೆ."

ಅವಳು ಅಳಲಿಲ್ಲ. ಅತ್ತಿದ್ದು ನಾನು. ಬೊಗಸೆ ತುಂಬ ಕೊಳೆತ ಕಳೆ ತುಂಬಿಕೊಂಡು, ನನ್ನ ಭುಜಕ್ಕೆ ಒರಗಿ ಹೇಗೋ ಎದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎತ್ತ ನೋಡಿದರೂ ಸಾಲುಸಾಲು ಕಲ್ಲುಗಳು.

"ಇದನ್ನ ಈಗ ಎಲ್ಲಿ ಹಾಕ್ಲಿ, ಹೇಳೇ?"